ಕೋವಿಯ ಜಾಗಕ್ಕೆ ದುರ್ಬೀನು ಬಂದ ಕಥೆ

ಚುನಾವಣೆ ಬಂತೆಂದರೆ ಪುತ್ತೂರು, ಸುಳ್ಯ, ಕಡಬ ಕಡೆಯ ಕೃಷಿಕರಿಗೆ ಒಂದು ಹೆಚ್ಚಿನ ಕೆಲಸ. ಹಂದಿ, ಮಂಗಗಳಿಂದ ತೋಟ ಉಳಿಸಿಕೊಳ್ಳಲು ಪರವಾನಗಿ ಪಡೆದು ಇಟ್ಟುಕೊಂಡ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕೆ, ಬೇಡವೆ ಎಂಬ ಚರ್ಚೆ ಪ್ರತಿ ಸಲವೂ ಏಳುತ್ತದೆ. ಅಡಿಕೆ ತೋಟದ ಮನೆಗೂ ಕೋವಿಗೂ ಇರುವ ನಂಟು ಅಷ್ಟು ಹಳೆಯದು. ಆದರೆ ಅದೇ ಮನೆಯಲ್ಲಿ ‘ದುರ್ಬೀನು ಇದೆಯೆ?’ ಎಂದು ಕೇಳಿ ನೋಡಿ. ಅದು ಪೇಟೆಯವರ ಶೋಕಿ ಎಂಬಂತೆ ನಗುವವರೇ ಹೆಚ್ಚು.

ಆ ಮನೆಯ ಸುತ್ತ ದಿನವಿಡೀ ‘ಕುಟ್ರೂ, ಕುಟ್ರೂ’ ಎಂದು ಕೂಗುವ ಕುಟ್ರು ಹಕ್ಕಿಯ ದನಿ ಎಲ್ಲರಿಗೂ ಗೊತ್ತು. ಹಕ್ಕಿಯನ್ನು ಕಂಡವರು ಎಷ್ಟು ಮಂದಿ? ಹಸಿರು ಎಲೆಯ ನಡುವೆ ಹಸಿರು ಮೈ. ಕೆನ್ನೆಯ ಬಿಳಿ ಪಟ್ಟೆಯಾಗಲಿ, ಕೊಕ್ಕಿನ ಬುಡದಲ್ಲಿ ಮೀಸೆಯಂತೆ ನಿಂತ ಒರಟು ಕೂದಲಾಗಲಿ ಬರಿಗಣ್ಣಿಗೆ ನಿಲುಕುವುದಿಲ್ಲ. ಹುಟ್ಟಿದಂದಿನಿಂದ ಕೇಳುತ್ತ ಬಂದ ಹಕ್ಕಿ ಸಾಯುವವರೆಗೂ ಬರಿಯ ದನಿಯಾಗಿಯೇ ಉಳಿಯಬಹುದು. ದನಿಗೂ ರೂಪಕ್ಕೂ ನಡುವಿನ ಈ ಅಂತರವನ್ನು ದಾಟಲು ಮನುಷ್ಯ ಮೊದಲು ಹಿಡಿದದ್ದು ಕೋವಿಯನ್ನು. ದುರ್ಬೀನು ಬಂದದ್ದು ಆಮೇಲೆ.

ಹೊಡೆದು ಗುರುತಿಸುತ್ತಿದ್ದ ಕಾಲ

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲೇ ಉಳಿಯಿತು. ಮದರಾಸು ಸೇನೆಯಲ್ಲಿ ವೈದ್ಯನಾಗಿದ್ದ ಟಿ. ಸಿ. ಜೆರ್ಡನ್ ಬರೆದ ‘ಬರ್ಡ್ಸ್ ಆಫ್ ಇಂಡಿಯಾ’ ಗ್ರಂಥ ಹೊರಬರತೊಡಗಿದ್ದೂ ಅದೇ ವರ್ಷ. ಅದರಲ್ಲಿ ಪ್ರತಿ ಹಕ್ಕಿಯ ಬಣ್ಣ, ರೆಕ್ಕೆಯ ಉದ್ದ, ಕೊಕ್ಕಿನ ಅಳತೆ ಎಲ್ಲ ಇದೆ. ಈ ಅಳತೆಗಳು ಸಿಕ್ಕಿದ್ದು ಹೇಗೆ? ಹಕ್ಕಿಯನ್ನು ಹೊಡೆದು ಕೈಯಲ್ಲಿ ಹಿಡಿದು ನೋಡಿದ್ದರಿಂದ. ಜೆರ್ಡನ್ನನ ನಂತರ ಬಂದ ಎ. ಓ. ಹ್ಯೂಮ್, ಮುಂದೆ ಕಾಂಗ್ರೆಸ್ ಸ್ಥಾಪನೆಗೆ ಕಾರಣನಾದವನೇ, ಹೀಗೆ ಕೂಡಿಹಾಕಿ 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ ಹಕ್ಕಿ ಮಾದರಿಗಳ ಸಂಖ್ಯೆ ಸುಮಾರು 80 ಸಾವಿರ.

ಇದನ್ನು ಬರಿಯ ಕ್ರೌರ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಕಾಲದ ಪಕ್ಷಿಶಾಸ್ತ್ರಜ್ಞನಿಗೆ ಬೇರೆ ದಾರಿಯೇ ಇರಲಿಲ್ಲ. ನಲವತ್ತು ಅಡಿ ಎತ್ತರದ ಮರದ ತುದಿಯಲ್ಲಿ ಕುಳಿತ ಗೇಣುದ್ದದ ಹಕ್ಕಿಯ ಕಣ್ಣಿನ ಸುತ್ತಲಿನ ಬಣ್ಣವನ್ನು ನೋಡಲು ಅವನ ಬಳಿ ತಕ್ಕ ಸಾಧನ ಇರಲಿಲ್ಲ. ಹೊಡೆಯದ ಹಕ್ಕಿಯ ವಿಷಯದಲ್ಲಿ ಅವನ ಮಾತನ್ನು ಯಾರೂ ನಂಬುತ್ತಲೂ ಇರಲಿಲ್ಲ.

ನಮ್ಮ ಸಲೀಂ ಅಲಿಯವರ ಕಥೆಯೂ ಕೋವಿಯಿಂದಲೇ ಆರಂಭವಾಗುತ್ತದೆ. 1908ರಲ್ಲಿ, ಹನ್ನೆರಡರ ಹುಡುಗನಾಗಿದ್ದಾಗ, ಗಾಳಿಕೋವಿಯಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಕಂಡು ಬೆರಗಾಗಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕೊಂಡೊಯ್ದರು. ಅಲ್ಲಿಂದ ಬದುಕಿನ ದಾರಿಯೇ ಬದಲಾಯಿತು. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗಲೂ ಮಾದರಿಗಳ ಸಂಗ್ರಹ ಕೆಲಸದ ಭಾಗವೇ ಆಗಿತ್ತು. ಆದರೆ 1941ರಲ್ಲಿ ಪ್ರಕಟವಾದ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಬೇರೆಯದೇ ಓದುಗನನ್ನು ಉದ್ದೇಶಿಸಿತ್ತು. ಬಣ್ಣದ ಚಿತ್ರ ನೋಡಿ, ಹಕ್ಕಿಯನ್ನು ಹಾಗೆಯೇ ಹಾರಾಡಲು ಬಿಟ್ಟು, ಹೆಸರು ಹೇಳಬಲ್ಲ ಓದುಗ ಅವನು. ಅವನ ಕೊರಳಲ್ಲಿ ಇರಬೇಕಾದದ್ದು ದುರ್ಬೀನು.

ನಾಟಕಶಾಲೆ, ಯುದ್ಧ, ಹಡಗು

ದುರ್ಬೀನು ಎಂಬ ಮಾತು ಪಾರಸಿಯದು. ‘ದೂರ್’ ಎಂದರೆ ದೂರ, ‘ಬೀನ್’ ಎಂದರೆ ನೋಡುವಂಥದು. ಒಂದು ಕೊಳವೆಯದನ್ನೂ ಎರಡು ಕೊಳವೆಯದನ್ನೂ ನಾವು ಹಾಗೆಯೇ ಕರೆದೆವು. ಎರಡು ಕೊಳವೆಯದಕ್ಕೆ ಬೈನಾಕ್ಯುಲರ್ ಎಂಬ ಹೆಸರು ಬಳಕೆಗೆ ಬಂದದ್ದು ಆಮೇಲೆ.

ಎರಡು ಕಣ್ಣಿನ ದುರ್ಬೀನು ದೂರದರ್ಶಕದಷ್ಟೇ ಹಳೆಯದು. 1608ರಲ್ಲಿ ಹಾಲೆಂಡಿನ ಕನ್ನಡಕ ತಯಾರಕ ಹ್ಯಾನ್ಸ್ ಲಿಪ್ಪರ್‌ಶೇ ತನ್ನ ಹೊಸ ಕೊಳವೆಗೆ ಹಕ್ಕುಪತ್ರ ಕೇಳಿದಾಗ, ಎರಡೂ ಕಣ್ಣಿನಿಂದ ನೋಡುವಂತೆ ಮಾಡಿಕೊಡು ಎಂದು ಅಲ್ಲಿನ ಸರಕಾರ ಹೇಳಿತು. ಆದರೆ ಮುಂದಿನ ಎರಡು ಶತಮಾನ ಅದು ಹೆಚ್ಚು ಬೆಳೆಯಲಿಲ್ಲ. 19ನೆಯ ಶತಮಾನದ ಯೂರೋಪಿನಲ್ಲಿ ಶ್ರೀಮಂತರು ನಾಟಕಶಾಲೆಗೆ ಒಯ್ಯುತ್ತಿದ್ದ ಪುಟ್ಟ ದುರ್ಬೀನುಗಳು ಎರಡು ಮೂರು ಪಟ್ಟು ಹಿಗ್ಗಿಸಿ ತೋರಿಸುತ್ತಿದ್ದವು, ಅಷ್ಟೆ. ಹೆಚ್ಚು ಹಿಗ್ಗಿಸಿದರೆ ಕಾಣುವ ಜಾಗ ತೀರಾ ಕಿರಿದಾಗುತ್ತಿತ್ತು. ಬೇರೆ ಬಗೆಯ ಮಸೂರ ಹಾಕಿದರೆ ಜಾಗ ಅಗಲವಾಗುತ್ತಿತ್ತು. ಆದರೆ ಚಿತ್ರ ತಲೆಕೆಳಗು.

ಈ ಗಂಟನ್ನು ಬಿಡಿಸಿದವನು ಇಟಲಿಯ ಇಗ್ನಾಜಿಯೊ ಪೊರ್‍ರೊ. 1854ರಲ್ಲಿ ಅವನು ಗಾಜಿನ ಪಟ್ಟಕಗಳೊಳಗೆ ಬೆಳಕನ್ನು ನಾಲ್ಕು ಸಲ ತಿರುಗಿಸಿ, ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಉಪಾಯಕ್ಕೆ ಹಕ್ಕು ಪಡೆದ. ಆದರೆ ಅದಕ್ಕೆ ತಕ್ಕ ಶುದ್ಧ ಗಾಜು ಆಗ ಸಿಗಲಿಲ್ಲ. ನಲವತ್ತು ವರ್ಷ ಕಳೆದು, 1894ರಲ್ಲಿ ಜರ್ಮನಿಯ ಯೆನಾ ಪಟ್ಟಣದ ಜೈಸ್ ಕಾರ್ಖಾನೆ ವಿಜ್ಞಾನಿ ಅರ್ನ್ಸ್ಟ್ ಅಬೆಯ ನೇತೃತ್ವದಲ್ಲಿ ಪಟ್ಟಕದ ದುರ್ಬೀನನ್ನು ಮಾರುಕಟ್ಟೆಗೆ ತಂದಿತು.

ಏಳು ವರ್ಷಗಳ ಬಳಿಕ, 1901ರಲ್ಲಿ, ಇಂಗ್ಲೆಂಡಿನಲ್ಲಿ ಎಡ್ಮಂಡ್ ಸೆಲೂಸ್ ಎಂಬಾತ ‘ಬರ್ಡ್ ವಾಚಿಂಗ್’ ಎಂಬ ಪುಸ್ತಕ ಪ್ರಕಟಿಸಿದ. ‘ಪಕ್ಷಿವೀಕ್ಷಣೆ’ಗೆ ಇಂಗ್ಲಿಷಿನಲ್ಲಿ ಹೆಸರು ನೆಲೆಯಾದದ್ದು ಅಲ್ಲಿಂದ. ಹಕ್ಕಿಯನ್ನು ಕೊಲ್ಲುವುದನ್ನು ಬಿಟ್ಟು ಗಾಜಿನ ಮೂಲಕ ನೋಡಿ ಎಂದು ಸಾರಿದ ಈತನ ಅಣ್ಣ ಫ್ರೆಡರಿಕ್ ಸೆಲೂಸ್ ಆಫ್ರಿಕದ ಹೆಸರಾಂತ ಬೇಟೆಗಾರ. ಕೋವಿ ಮತ್ತು ದುರ್ಬೀನು ಒಂದೇ ಮನೆಯ ಅಣ್ಣ ತಮ್ಮಂದಿರ ಪಾಲಿಗೆ ಬಂದದ್ದು ಹೀಗೆ.

ದುರ್ಬೀನನ್ನು ಜನಸಾಮಾನ್ಯರ ಕೈಗೆ ತಲಪಿಸಿದ್ದು ಮಾತ್ರ ಹಕ್ಕಿಗಳ ಪ್ರೀತಿಯಲ್ಲ, ಯುದ್ಧ. 1914ರ ಮಹಾಯುದ್ಧದಲ್ಲಿ ಜರ್ಮನಿಯ ಗಾಜು ನಿಂತುಹೋಗಿ, ಸೈನಿಕರಿಗಾಗಿ ಮನೆಯ ದುರ್ಬೀನು ಕೊಡಿ ಎಂದು ಬ್ರಿಟನ್ನಿನಲ್ಲಿ ಜನರನ್ನು ಬೇಡಬೇಕಾಯಿತು. ಜಪಾನಿನಲ್ಲಿ, ಮುಂದೆ ನಿಕಾನ್ ಎಂದು ಹೆಸರಾದ ಸಂಸ್ಥೆ ಹುಟ್ಟಿದ್ದು 1917ರಲ್ಲಿ. ಭಾರತದಲ್ಲಿ ಡೆಹ್ರಾಡೂನಿನ ದೃಗುಪಕರಣಗಳ ಕಾರ್ಖಾನೆ ಎರಡನೆಯ ಮಹಾಯುದ್ಧದ ಕಾಲದ್ದು. ಜೈಸ್‌ನ ಸ್ಮಾಕುಲಾ 1935ರಲ್ಲಿ ಕಂಡುಹಿಡಿದ, ಮಸೂರದ ಮೇಲೆ ಬಳಿಯುವ ತೆಳುಲೇಪವನ್ನು ಜರ್ಮನಿ ಸೇನಾ ರಹಸ್ಯವಾಗಿ ಇಟ್ಟುಕೊಂಡಿತ್ತು. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ನೂರಕ್ಕೆ ನಾಲ್ಕೈದು ಪಾಲು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಹತ್ತು ಮೈ ದಾಟುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಬೆಳಕು ನಷ್ಟ.

ಬಾಲವನದ ಪಾಠ

ಈ ಗಾಜಿನ ಕಥೆಗೆ ಪುತ್ತೂರಿನಲ್ಲಿ ಒಂದು ಮುಂದುವರಿಕೆ ಉಂಟು. ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲಸಿ ಬಾಲವನ ಕಟ್ಟಿದಾಗ ಅವರ ಹಟ ಒಂದೇ: ಮಕ್ಕಳು ಪುಸ್ತಕದ ಮಾತನ್ನು ಉರು ಹೊಡೆಯದೆ, ಕಣ್ಣಾರೆ ಕಂಡು ಕಲಿಯಬೇಕು. ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದ ಕೈಯೇ ಹಕ್ಕಿಗಳ ಬಗೆಗೂ ಕನ್ನಡದಲ್ಲಿ ಬರೆಯಿತು. ಅವರ ಮಗ, 1948ರಲ್ಲಿ ಹುಟ್ಟಿ ಪುತ್ತೂರಿನ ಪರಿಸರದಲ್ಲಿ ಬಾಲ್ಯ ಕಳೆದ ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಓದಿ, ಕೃಷಿ ಮಾಡಿ, ಕೊನೆಗೆ ವನ್ಯಜೀವಿ ವಿಜ್ಞಾನಿಯಾದರು. ನಾಗರಹೊಳೆಯಲ್ಲಿ, 1990ರ ದಶಕದಲ್ಲಿ, ಕಾಡುದಾರಿಯ ಬದಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾ ಇಟ್ಟು, ಒಂದೊಂದು ಹುಲಿಯನ್ನೂ ಅದರ ಪಟ್ಟೆಗಳಿಂದ ಗುರುತಿಸಿ ಎಣಿಸುವ ವಿಧಾನವನ್ನು ಅವರು ರೂಪಿಸಿದರು. ಚರ್ಮ ಸುಲಿದು ಲೆಕ್ಕ ಹಾಕುತ್ತಿದ್ದ ಪ್ರಾಣಿಯನ್ನು ಗಾಜಿನ ಕಣ್ಣು ಲೆಕ್ಕ ಹಾಕಿತು.

ಘಟ್ಟದ ಆಚೆ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಕ್ಯಾಮರಾ ಹಿಡಿದು ಹಕ್ಕಿಗಳ ಹಿಂದೆ ಅಲೆದು ಬರೆದ ಪುಸ್ತಕಗಳು ಕನ್ನಡದ ಓದುಗರಿಗೆ ಹಕ್ಕಿಯ ಹೆಸರನ್ನೂ ಮುಖವನ್ನೂ ಒಟ್ಟಿಗೆ ಕೊಟ್ಟವು. ನಡುವೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಬೇಟೆಯ ಕಾಲವನ್ನು ಕಾನೂನಿನಲ್ಲಿ ಮುಗಿಸಿತ್ತು.

ನಮ್ಮ ಕಾಡಿಗೆ ಯಾವುದು?

ಈಗ ಅಂಗಡಿಗೆ ಬರೋಣ. ದುರ್ಬೀನಿನ ಮೈಮೇಲೆ 7×50, 8×42, 10×25 ಎಂದು ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು; ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲಪುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ಕತ್ತಲಲ್ಲಿ ಯುವಕನ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅರಳುತ್ತದೆ. ಹಡಗಿನಲ್ಲಿ ರಾತ್ರಿ ಕಾವಲು ಕಾಯುವವರಿಗೆ 7×50 ಮಾಡಿದ್ದು ಈ ಲೆಕ್ಕದಿಂದಲೇ. ವಯಸ್ಸಾದಂತೆ ಪಾಪೆ ಅಷ್ಟು ಅರಳುವುದಿಲ್ಲ.

ಸುಬ್ರಹ್ಮಣ್ಯದ ಕಾಡಿನಲ್ಲಿ, ಬಿಸಿಲೆ ಘಾಟಿಯ ತಪ್ಪಲಿನಲ್ಲಿ, ಅಷ್ಟೇಕೆ, ಒತ್ತಾಗಿ ಬೆಳೆದ ಅಡಿಕೆ ತೋಟದಲ್ಲೂ ನಡುಹಗಲೇ ಮಬ್ಬು. 10×25ರ ಪುಟ್ಟ ದುರ್ಬೀನು ಕಿಸೆಯಲ್ಲಿ ಹಿಡಿಯುತ್ತದೆ, ಬಯಲಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದರ ಬೆಳಕಿನ ಬಿಲ್ಲೆ ಬರಿಯ ಎರಡೂವರೆ ಮಿಲಿಮೀಟರ್. ಒಣಗಿದ ಎಲೆಯಂತೆ ದಿನವಿಡೀ ಅಲುಗಾಡದೆ ಕೂರುವ ಕಪ್ಪೆಬಾಯಿ ಹಕ್ಕಿ ಅದರಲ್ಲಿ ಒಣಗಿದ ಎಲೆಯಾಗಿಯೇ ಉಳಿಯುತ್ತದೆ. 8×42ರಲ್ಲಿ ಬಿಲ್ಲೆ ಐದು ಮಿಲಿಮೀಟರಿಗೂ ಮಿಕ್ಕಿ. ತೂಕ, ಬೆಳಕು, ಕಾಣುವ ಜಾಗದ ಅಗಲ ಮೂರನ್ನೂ ತೂಗಿ ನೋಡಿದರೆ ನಮ್ಮ ಮೂರು ತಾಲೂಕುಗಳಿಗೆ ಹೇಳಿಸಿದ್ದು ಇದೇ.

‘ಹತ್ತು ಪಟ್ಟಿನದು ಎಂಟಕ್ಕಿಂತ ಒಳ್ಳೆಯದಲ್ಲವೆ?’ ಎಂಬ ಪ್ರಶ್ನೆ ಸಹಜ. ಹತ್ತು ಪಟ್ಟು ಹಿಗ್ಗಿಸುವಾಗ ಕೈಯ ನಡುಕವೂ ಹತ್ತು ಪಟ್ಟಾಗುತ್ತದೆ, ಕಾಣುವ ಜಾಗ ಕಿರಿದಾಗುತ್ತದೆ. ಕೊಂಬೆಯಿಂದ ಕೊಂಬೆಗೆ ಜಿಗಿಯುವ ಸೂರಕ್ಕಿಯನ್ನು ಅದರೊಳಗೆ ಹಿಡಿಯುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಕುಮಾರಧಾರೆಯ ದಡದಲ್ಲಿ ನಿಂತು ಆಚೆ ದಡದ ಮರದಲ್ಲಿನ ಮಂಗಟ್ಟೆ ಹಕ್ಕಿ ನೋಡುವವರಿಗೆ ಹತ್ತು ಪಟ್ಟು ಸರಿಹೋದೀತು. ತೋಟದವರಿಗೆ ಎಂಟೇ ಸಾಕು.

ಇನ್ನೊಂದು ಶತ್ರು ಮಳೆ. ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ, ಒಳಗೆ ತೇವ ಸೇರುವ ದುರ್ಬೀನಿನ ಮಸೂರಕ್ಕೆ ಬೂಷ್ಟು ಹಿಡಿಯಲು ಒಂದೆರಡು ಮಳೆಗಾಲ ಸಾಕು. ಒಮ್ಮೆ ಹಿಡಿದರೆ ಜೇಡರ ಬಲೆಯಂತೆ ಹರಡಿ ಲೇಪವನ್ನೇ ತಿನ್ನುತ್ತದೆ. ಆದ್ದರಿಂದ ನೀರು ಹೋಗದಂತೆ ಮುಚ್ಚಿ, ಒಳಗೆ ಸಾರಜನಕ ತುಂಬಿದ್ದನ್ನೇ ಕೊಳ್ಳಿ. ಕೈಕೊಡೆಯನ್ನು ಜತೆಗಿಡಿ, ಮನೆಯಲ್ಲಿ ಬಿಗಿ ಮುಚ್ಚಳದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಚರ್ಮದ ಚೀಲದಲ್ಲಿಟ್ಟು ಕಪಾಟಿನಲ್ಲಿ ಮರೆತರೆ ಬೂಷ್ಟಿಗೆ ಹಬ್ಬ.

ಕೊಳ್ಳುವಾಗ ಅಂಗಡಿಯೊಳಗಲ್ಲ, ಹೊರಗೆ ಬಂದು ನೆರಳಿನ ಕಡೆ ನೋಡಿ. ಐದು ನಿಮಿಷ ನೋಡಿದ ಮೇಲೆ ತಲೆಭಾರವೆನಿಸಿದರೆ ಎರಡು ಕೊಳವೆಗಳ ನೇರ ಹೊಂದಿಲ್ಲವೆಂದೇ ಅರ್ಥ. ಎಷ್ಟೇ ಅಗ್ಗವಾದರೂ ಬೇಡ. ಕನ್ನಡಕ ಹಾಕುವವರು ಕನ್ನಡಕ ತೆಗೆಯದೆಯೇ ಪರೀಕ್ಷಿಸಬೇಕು. ಎರಡು ಮೀಟರ್ ಹತ್ತಿರದ ವಸ್ತುವೂ ಸ್ಪಷ್ಟ ಕಂಡರೆ ಚಿಟ್ಟೆಗಳನ್ನೂ ನೋಡಬಹುದು. ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಮಸೂರ, ‘20ರಿಂದ 100 ಪಟ್ಟು’ ಎಂಬ ಜಂಬದ ಬರಹ ಕಂಡರೆ ದೂರ ಸರಿಯಿರಿ. ಹೇಳಿಕೊಳ್ಳುವಂಥ 8×42 ಈಗ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಒಂದು ಕ್ವಿಂಟಾಲ್ ಅಡಿಕೆಯ ಬೆಲೆಗಿಂತ ಎಷ್ಟೋ ಕಡಿಮೆ. ಮಕ್ಕಳ ಕೈಗೆ ಕೊಡುವಾಗ ಒಂದೇ ಎಚ್ಚರಿಕೆ: ಅದರಲ್ಲಿ ಸೂರ್ಯನನ್ನು ನೋಡಬಾರದು.

ನೋಡಿದ್ದರಿಂದ ಏನು ಲಾಭ?

ಲಾಭದ ಪ್ರಶ್ನೆ ಬಂದೇ ಬರುತ್ತದೆ. ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ 2023ರಲ್ಲಿ ಪ್ರಕಟವಾದ ವರದಿಗೆ ಆಧಾರ ಸುಮಾರು 30 ಸಾವಿರ ಪಕ್ಷಿವೀಕ್ಷಕರು ದಾಖಲಿಸಿದ 3 ಕೋಟಿ ವೀಕ್ಷಣೆಗಳು. ಅವರಲ್ಲಿ ಬಹುಪಾಲು ಜನ ವಿಜ್ಞಾನಿಗಳಲ್ಲ; ದುರ್ಬೀನು ಹಿಡಿದು ಕಂಡದ್ದನ್ನು ಬರೆದಿಟ್ಟವರು. ನವಿಲುಗಳ ಸಂಖ್ಯೆ ದೇಶದಲ್ಲಿ ಏರಿದೆ ಎಂದು ಆ ವರದಿ ಹೇಳಿತು. ತರಕಾರಿ ಬಳ್ಳಿ, ಗದ್ದೆಯ ಪೈರು ನವಿಲಿನ ಪಾಲಾಗುವುದನ್ನು ಕಂಡ ನಮ್ಮ ರೈತರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ರೈತ ಹೇಳಿದ್ದು ದೂರು. ವೀಕ್ಷಕರು ಬರೆದಿಟ್ಟದ್ದು ಲೆಕ್ಕ. ಸರಕಾರದ ಮುಂದೆ ನಿಲ್ಲುವುದು ಲೆಕ್ಕ. ಪಶ್ಚಿಮ ಘಟ್ಟದಲ್ಲಿ ಮಾತ್ರ ಬದುಕುವ ಹಕ್ಕಿಗಳ ವಿಷಯದಲ್ಲೂ ಅಷ್ಟೆ. ಯಾವ ಊರಿನಲ್ಲಿ ನೋಡುವವರಿಲ್ಲವೋ ಆ ಊರಿನ ಹಕ್ಕಿ ಇತ್ತೆಂಬುದಕ್ಕೂ ಹೋಯಿತೆಂಬುದಕ್ಕೂ ಸಾಕ್ಷಿ ಇರುವುದಿಲ್ಲ.

ಹಂದಿ ಕಾಯುವವರ ಮನೆಯಲ್ಲಿ ಕೋವಿ ಇದ್ದೀತು, ಅದಕ್ಕೆ ಅದರದೇ ಕಾರಣಗಳಿವೆ. ಅದರ ಜತೆಗೆ ಒಂದು ದುರ್ಬೀನೂ ಇರಲಿ. ಅಡಿಕೆ ಸುಲಿಯುವ ಅಂಗಳದಲ್ಲಿ ಕುಳಿತಿದ್ದಾಗ ‘ಕುಟ್ರೂ’ ಎಂಬ ಕೂಗು ಕೇಳಿದರೆ ಎದ್ದು, ದನಿ ಬಂದ ಕೊಂಬೆಯತ್ತ ಅದನ್ನು ಎತ್ತಿ ಹಿಡಿಯಿರಿ. ಸ್ವಲ್ಪ ಕಾಯಬೇಕಾದೀತು. ಮೊದಲು ಎಲೆಗಳು, ಮತ್ತೆ ಎಲೆಗಳು. ಆಮೇಲೆ ಅವುಗಳಲ್ಲೊಂದು ತಲೆ ತಿರುಗಿಸುತ್ತದೆ, ಬಿಳಿ ಕೆನ್ನೆಯೂ ಮೀಸೆಯೂ ಕಾಣುತ್ತವೆ. ಇದನ್ನು ಹೊಡೆಯಬೇಕೆಂದು ಆ ಮೇಲೆ ಯಾರಿಗೂ ಅನ್ನಿಸಲಾರದು.