ಏಣಿಯೂ ಚಾಂಪಿಯನ್, ಬೊಂಬೆಯೂ ಪೈಲ್ವಾನ

ಜಪಾನಿನಲ್ಲಿ ಒಂದು ಏಣಿ ಕುಸ್ತಿ ಚಾಂಪಿಯನ್ ಆಗಿತ್ತು ಅಂದ್ರೆ ನಂಬ್ತೀರಾ? 1997ರಲ್ಲಿ ಶುರುವಾದ ಡಿಡಿಟಿ ಅನ್ನೋ ಪುಟ್ಟ ಕಂಪನಿಗೆ ದೊಡ್ಡವರ ಹಾಗೆ ದುಡ್ಡಿರಲಿಲ್ಲ. ಅದು ನಗೆಯನ್ನೇ ಪಟ್ಟು ಮಾಡಿಕೊಂಡಿತು. 2000ದಲ್ಲಿ ಹುಟ್ಟಿದ ಅದರ 'ಐರನ್‌ಮ್ಯಾನ್' ಪ್ರಶಸ್ತಿ ಅಮೆರಿಕದ ಹಾರ್ಡ್‌ಕೋರ್ ಪ್ರಶಸ್ತಿಯ ಅಣಕ. ರೆಫ್ರಿ ಇದ್ದರೆ ಸಾಕು, ಎಲ್ಲಿ, ಯಾವಾಗ ಬೇಕಾದ್ರೂ ಚಾಂಪಿಯನ್ನನ್ನು ಕೆಡವಬಹುದು. ಹಾಗೇ ಏಣಿಯೂ ಗೆದ್ದಿತು.

ಇದೇ ಕಂಪನಿಯಲ್ಲಿ ಕೊಟಾ ಇಬುಶಿ, ಯೊಶಿಹಿಕೊ ಎಂಬ ಗಾಳಿ ತುಂಬಿದ ಬೊಂಬೆಯ ಜೊತೆ ಸೆಣಸಿದ. ವಿಡಿಯೊ ನೋಡಿ ಮೊದಲ ಸಲ ಬಿದ್ದು ಬಿದ್ದು ನಕ್ಕೆ. ಎರಡನೇ ಸಲ ನಗು ನಿಂತಿತು. ಇಂಥ ಕುಸ್ತಿಯಲ್ಲಿ ಫಲಿತಾಂಶ ಮೊದಲೇ ನಿಗದಿ, ನಿಜ. ಆದರೆ ಪೆಟ್ಟಾಗದ ಹಾಗೆ ಇಳಿಸೋದು ಎದುರಾಳಿಯ ಕೈ. ಬೊಂಬೆಗೆ ಆ ಕೈ ಎಲ್ಲಿದೆ? ಅದು ಎತ್ತಿ ಬಡಿದಂತೆ ಕಾಣಬೇಕಾದರೆ ಇಬುಶಿಯೇ ಹಾರಿ, ಪಲ್ಟಿ ಹೊಡೆದು, ತಲೆಕೆಳಗಾಗಿ ಬೀಳಬೇಕು. ನಗು ನಮ್ಮದು, ನೋವು ಅವನದು.

2012ರಲ್ಲಿ ಡಿಡಿಟಿ ಟೋಕಿಯೊದ ದೊಡ್ಡ ಬುಡೊಕಾನ್ ಅಂಗಳಕ್ಕೆ ಏರಿತು. 2021ರ ಜನವರಿ 4ರಂದು ಇಬುಶಿ ಟೋಕಿಯೊ ಡೋಮ್‌ನಲ್ಲಿ ಐಡಬ್ಲ್ಯುಜಿಪಿ ಹೆವಿವೇಟ್ ಪ್ರಶಸ್ತಿ ಗೆದ್ದ. ಬೊಂಬೆ ಕೈಲಿ ಏಟು ತಿಂದವನೇ ಅವನು.