ಅಣುಸ್ಥಾವರದ ಡೀಸೆಲ್ ಜನರೇಟರ್: ತಂಪು ನೀಡುವ ಯಂತ್ರಕ್ಕೂ ಬೇಕು ತಂಪು

ಪರಮಾಣು ವಿದ್ಯುತ್ ಸ್ಥಾವರವು ನಾಡಿಗೆ ವಿದ್ಯುತ್ ನೀಡುವ ಕೇಂದ್ರ. ಆದರೆ ಅದು ಸುರಕ್ಷಿತವಾಗಿರಬೇಕಾದರೆ ಅದಕ್ಕೂ ಹೊರಗಿನಿಂದ ವಿದ್ಯುತ್ ಬೇಕು. ಗ್ರಿಡ್ ಕೈಕೊಟ್ಟಾಗ ಈ ವಿದ್ಯುತ್ ಒದಗಿಸುವ ಹೊಣೆ ಸ್ಥಾವರದ ಆವರಣದಲ್ಲೇ ಇರುವ ಡೀಸೆಲ್ ಜನರೇಟರ್‌ಗಳದು. ಈ ಜನರೇಟರ್‌ಗಳೇ ಮಿತಿಮೀರಿ ಕಾದು ನಿಂತರೆ ಏನಾಗುತ್ತದೆ, ಹಾಗಾಗದಂತೆ ಕೈಗೊಳ್ಳುವ ಕ್ರಮಗಳೇನು ಎಂಬುದು ಕೈಗಾ ಸ್ಥಾವರವಿರುವ ಕರ್ನಾಟಕದ ಜನರು ತಿಳಿದಿರಬೇಕಾದ ವಿಷಯ.

ಯಲಹಂಕದ ನಿದರ್ಶನ

ಡೀಸೆಲ್ ವಿದ್ಯುತ್ ಉತ್ತರ ಬೆಂಗಳೂರಿಗೆ ಹೊಸದಲ್ಲ. ರಾಜ್ಯವು ತೀವ್ರ ವಿದ್ಯುತ್ ಅಭಾವ ಎದುರಿಸುತ್ತಿದ್ದ ದಿನಗಳಲ್ಲಿ, 1993-94ರಲ್ಲಿ, ಕರ್ನಾಟಕ ವಿದ್ಯುತ್ ನಿಗಮವು ಯಲಹಂಕದಲ್ಲಿ ಡೀಸೆಲ್ ವಿದ್ಯುದಾಗಾರವನ್ನು ಆರಂಭಿಸಿತು. ನಿಗಮದ ಲೆಕ್ಕದಲ್ಲಿ ತಲಾ 18 ಮೆಗಾವ್ಯಾಟ್‌ನ ಆರು ಘಟಕಗಳು, ಒಟ್ಟು 108 ಮೆಗಾವ್ಯಾಟ್. ಇಂಧನ ದುಬಾರಿಯಾದಂತೆ ಅವುಗಳ ಬಳಕೆ ಕುಗ್ಗಿ, ಕೊನೆಗೆ ಅವು ನಿವೃತ್ತಿಗೊಂಡವು. ನಿಗಮವು ಯಲಹಂಕದಲ್ಲಿ ಬಳಿಕ 370 ಮೆಗಾವ್ಯಾಟ್ ಸಾಮರ್ಥ್ಯದ ಅನಿಲ ಆಧಾರಿತ ಸ್ಥಾವರವನ್ನು ನಿರ್ಮಿಸಿದೆ.

ಯಲಹಂಕದಂಥ ವಿದ್ಯುದಾಗಾರದಲ್ಲಿ ಒಂದು ಎಂಜಿನ್ ಅತಿಯಾಗಿ ಕಾದರೆ ಅದನ್ನು ನಿಲ್ಲಿಸಿ ದುರಸ್ತಿ ಮಾಡಿದರಾಯಿತು. ನಷ್ಟವಾಗುವುದು ಕೆಲವು ಮೆಗಾವ್ಯಾಟ್ ಮಾತ್ರ. ಹೆಬ್ಬಾಳ, ಆರ್.ಟಿ. ನಗರಗಳ ವಸತಿ ಸಮುಚ್ಚಯದ ಜನರೇಟರ್ ನಿಂತರೆ ಲಿಫ್ಟ್ ನಿಲ್ಲುತ್ತದೆ, ನೀರಿನ ಪಂಪ್ ನಿಲ್ಲುತ್ತದೆ. ಅಣುಸ್ಥಾವರದ ಜನರೇಟರ್‌ಗೆ ಹಾಗೆ ನಿಲ್ಲುವ ಸ್ವಾತಂತ್ರ್ಯವಿಲ್ಲ. ಅದಕ್ಕೆ ಕಾರಣ ರಿಯಾಕ್ಟರಿನ ಉಳಿಕೆ ಶಾಖ.

ಆರದ ಒಲೆ

ಕಲ್ಲಿದ್ದಲ ಒಲೆಯನ್ನು ಆರಿಸಬಹುದು. ರಿಯಾಕ್ಟರನ್ನು ಹಾಗೆ ಪೂರ್ತಿ ಆರಿಸಲಾಗದು. ನಿಯಂತ್ರಕ ದಂಡಗಳು ಒಳಗಿಳಿದೊಡನೆ ಯುರೇನಿಯಂ ಪರಮಾಣುಗಳ ವಿದಳನ ಸರಣಿ ನಿಲ್ಲುತ್ತದೆ ನಿಜ. ಆದರೆ ಅದುವರೆಗೆ ಉಂಟಾದ ವಿಕಿರಣಶೀಲ ಧಾತುಗಳು ಕ್ಷಯಿಸುತ್ತಾ ಶಾಖ ಹೊರಸೂಸುತ್ತಲೇ ಇರುತ್ತವೆ. ಸ್ಥಗಿತಗೊಂಡ ಕ್ಷಣದಲ್ಲಿ ಈ ಶಾಖ ಪೂರ್ಣ ಸಾಮರ್ಥ್ಯದ ಶೇ 6ರಿಂದ 7ರಷ್ಟು. ಒಂದು ಗಂಟೆಯ ನಂತರ ಸುಮಾರು ಶೇ 1.5, ಒಂದು ದಿನದ ಬಳಿಕ ಸುಮಾರು ಶೇ 0.5.

ಅಂಕಿ ಸಣ್ಣದೆನಿಸಬಹುದು. 220 ಮೆಗಾವ್ಯಾಟ್ ವಿದ್ಯುತ್ ನೀಡುವ ಭಾರಜಲ ರಿಯಾಕ್ಟರ್ ಉತ್ಪಾದಿಸುವ ಶಾಖ 750ರಿಂದ 800 ಮೆಗಾವ್ಯಾಟ್. ಅದರ ಶೇ 6 ಎಂದರೆ ಸುಮಾರು 45 ಮೆಗಾವ್ಯಾಟ್. ಒಂದು ದಿನ ಕಳೆದ ಮೇಲೂ ಸುಮಾರು 4 ಮೆಗಾವ್ಯಾಟ್ ಶಾಖವನ್ನು ಹೊರಗೊಯ್ಯಲೇಬೇಕು. ಆ ಕೆಲಸ ಮಾಡುವ ಪಂಪುಗಳಿಗೆ ವಿದ್ಯುತ್ ಬೇಕು.

ನಾಲ್ಕು ವರ್ಗದ ವಿದ್ಯುತ್

ಭಾರತದ ಭಾರಜಲ ಸ್ಥಾವರಗಳಲ್ಲಿ ಒಳಬಳಕೆಯ ವಿದ್ಯುತ್ತನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ಗ್ರಿಡ್ ಹಾಗೂ ಸ್ಥಾವರದ ಸ್ವಂತ ಟರ್ಬೈನ್‌ನಿಂದ ಬರುವುದು ನಾಲ್ಕನೇ ವರ್ಗ. ಅದು ತಪ್ಪಿದರೆ ಡೀಸೆಲ್ ಜನರೇಟರ್‌ಗಳು ಬೆಂಬಲ ನೀಡುವುದು ಮೂರನೇ ವರ್ಗಕ್ಕೆ. ಕ್ಷಣಮಾತ್ರವೂ ಕಡಿತ ಸಹಿಸದ ಉಪಕರಣಗಳಿಗೆ ಇನ್ವರ್ಟರ್ ಮೂಲಕ ಸಿಗುವುದು ಎರಡನೇ ವರ್ಗ. ಬ್ಯಾಟರಿಯ ನೇರ ವಿದ್ಯುತ್ತೇ ಮೊದಲ ವರ್ಗ.

ಬ್ಯಾಟರಿಗಳು ಸೂಚಕಗಳನ್ನು, ನಿಯಂತ್ರಣ ಉಪಕರಣಗಳನ್ನು ಸೀಮಿತ ಅವಧಿಗೆ ಜೀವಂತವಾಗಿಡಬಲ್ಲವು. ದೊಡ್ಡ ಪಂಪುಗಳನ್ನು ನಡೆಸುವ ಶಕ್ತಿ ಅವುಗಳಿಗಿಲ್ಲ. ಆದ್ದರಿಂದ ಗ್ರಿಡ್ ಹೋದ ಕೆಲವೇ ಸೆಕೆಂಡುಗಳಲ್ಲಿ ಡೀಸೆಲ್ ಎಂಜಿನ್ ತಾನಾಗಿಯೇ ಚಾಲನೆಗೊಂಡು, ಪಂಪುಗಳ ಹೊರೆಯನ್ನು ಒಂದೊಂದಾಗಿ ಹೊತ್ತುಕೊಳ್ಳಬೇಕು. ಅಗತ್ಯಬಿದ್ದರೆ ದಿನಗಟ್ಟಲೆ ಓಡಬೇಕು.

ಎಂಜಿನ್ ಏಕೆ ಕಾಯುತ್ತದೆ?

ಉತ್ತಮ ಡೀಸೆಲ್ ಎಂಜಿನ್ ಕೂಡ ಇಂಧನದ ಶಕ್ತಿಯಲ್ಲಿ ಶೇ 40ರ ಆಸುಪಾಸಿನಷ್ಟನ್ನು ಮಾತ್ರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಉಳಿದದ್ದು ಶಾಖ. ಅದರಲ್ಲಿ ಒಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಮಿಕ್ಕ ಪಾಲನ್ನು ಸಿಲಿಂಡರುಗಳ ಸುತ್ತ ಹರಿಯುವ ನೀರು, ಕೀಲೆಣ್ಣೆ ಮತ್ತು ಟರ್ಬೊಚಾರ್ಜರ್‌ನ ಗಾಳಿಯನ್ನು ತಣಿಸುವ ಸಾಧನಗಳು ಹೊರಗೊಯ್ಯಬೇಕು. ಈ ಮಾರ್ಗದಲ್ಲಿ ಎಲ್ಲಿ ಅಡಚಣೆಯಾದರೂ ಎಂಜಿನ್ ಕಾಯುತ್ತದೆ.

ಅಡಚಣೆಗೆ ಕಾರಣಗಳು ಹಲವು. ನದಿ ಅಥವಾ ಸಮುದ್ರದ ನೀರಿನೊಡನೆ ಬರುವ ಹೂಳು, ಪಾಚಿ, ಚಿಪ್ಪುಜೀವಿಗಳು ಶಾಖ ವಿನಿಮಯಕದ ನಳಿಗೆಗಳನ್ನು ಮುಚ್ಚಬಹುದು. ನೀರು ಹಾಯಿಸುವ ಪಂಪ್ ನಿಲ್ಲಬಹುದು. ಥರ್ಮೋಸ್ಟಾಟ್ ಸಿಕ್ಕಿಕೊಳ್ಳಬಹುದು. ನೀರಿನ ಕೊಳವೆಯಲ್ಲಿ ಗಾಳಿ ಸೇರಿಕೊಳ್ಳಬಹುದು. ಜನರೇಟರ್ ಕೊಠಡಿಯ ಬಿಸಿಗಾಳಿ ಹೊರಹೋಗದೆ ಮತ್ತೆ ರೇಡಿಯೇಟರಿಗೇ ಮರಳಬಹುದು. ಈ ಕೊನೆಯ ದೋಷ ನಗರದ ನೆಲಮಾಳಿಗೆಗಳಲ್ಲಿ ಜನರೇಟರ್ ಇರಿಸಿಕೊಂಡವರಿಗೂ ಪರಿಚಿತವೇ.

ಉಷ್ಣತೆ ಮಿತಿಮೀರಿದಾಗ ಕೀಲೆಣ್ಣೆ ತೆಳುವಾಗುತ್ತದೆ. ಬೇರಿಂಗುಗಳು ಸವೆದು ಕಚ್ಚಿಕೊಳ್ಳುತ್ತವೆ. ಪಿಸ್ಟನ್ ಸಿಲಿಂಡರಿನ ಗೋಡೆಗೆ ಉಜ್ಜುತ್ತದೆ. ಸಿಲಿಂಡರ್ ಹೆಡ್ ಬಿರುಕು ಬಿಡುತ್ತದೆ. ಸಾಮಾನ್ಯ ಜನರೇಟರ್ ಅಷ್ಟು ದೂರ ಹೋಗದೆ ತಾನೇ ನಿಲ್ಲುವಂತೆ ರಕ್ಷಣೆ ಅಳವಡಿಸಿರುತ್ತಾರೆ. ಅಣುಸ್ಥಾವರದಲ್ಲಿ ಲೆಕ್ಕಾಚಾರವೇ ಬೇರೆ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಮಾರ್ಗಸೂಚಿಯಂತೆ, ತುರ್ತು ಸಂದರ್ಭದಲ್ಲಿ ಅತಿವೇಗ ಹಾಗೂ ಜನರೇಟರಿನ ಆಂತರಿಕ ವಿದ್ಯುತ್ ದೋಷದಂತಹ ಕೆಲವನ್ನು ಬಿಟ್ಟರೆ, ಬೇರಾವ ಒಂಟಿ ಸೂಚನೆಗೂ ಎಂಜಿನ್ ನಿಲ್ಲಕೂಡದು. ನೀರು ಕಾದಿದೆಯೆಂದು ಒಂದೇ ಮಾಪಕ ತಪ್ಪಾಗಿ ತೋರಿಸಿ ಎಂಜಿನ್ ನಿಂತುಬಿಟ್ಟರೆ ಆಗುವ ಹಾನಿ, ಎಂಜಿನ್ ಹಾಳಾಗುವುದಕ್ಕಿಂತ ದೊಡ್ಡದು ಎಂಬುದು ಇದರ ಹಿಂದಿನ ತರ್ಕ. ಎಚ್ಚರಿಕೆಯ ಗಂಟೆ ಬಾರಿಸುತ್ತದೆ, ನಿರ್ಧಾರ ಸಿಬ್ಬಂದಿಯದು.

ನರೋರಾದಿಂದ ಫುಕುಶಿಮಾವರೆಗೆ

ಜನರೇಟರ್‌ಗಳಿದ್ದರೂ ವಿದ್ಯುತ್ ಸಿಗದ ಪ್ರಸಂಗವನ್ನು ಭಾರತವೇ ಕಂಡಿದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಸ್ಥಾವರದ ಮೊದಲ ಘಟಕದಲ್ಲಿ ಟರ್ಬೈನ್ ಅಲಗುಗಳು ಮುರಿದು ಬೆಂಕಿ ಹೊತ್ತಿಕೊಂಡಿತು. ಕೇಬಲ್‌ಗಳು ಸುಟ್ಟುಹೋದ್ದರಿಂದ ತುರ್ತು ವಿದ್ಯುತ್ತೂ ದೊರೆಯದೆ ಘಟಕವು ಸುಮಾರು 17 ಗಂಟೆ ಕತ್ತಲಲ್ಲಿತ್ತು. ಬೆಂಕಿ ನಂದಿಸಲೆಂದು ಇರಿಸಿದ್ದ ಡೀಸೆಲ್ ಚಾಲಿತ ಪಂಪುಗಳಿಂದ ಸಿಬ್ಬಂದಿ ಹಬೆ ಉತ್ಪಾದಕಗಳಿಗೆ ನೀರು ಹಾಯಿಸಿದರು. ಭಾರಜಲವು ತನ್ನಷ್ಟಕ್ಕೆ ಸುತ್ತುತ್ತಾ ಇಂಧನದ ಶಾಖವನ್ನು ಅಲ್ಲಿಗೆ ಸಾಗಿಸಿತು. ದೊಡ್ಡ ಅನಾಹುತ ತಪ್ಪಿತು.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ಡೈಇಚಿಯಲ್ಲಿ ಭೂಕಂಪದಿಂದ ಗ್ರಿಡ್ ಸಂಪರ್ಕ ಕಡಿದಾಗ ಡೀಸೆಲ್ ಜನರೇಟರ್‌ಗಳು ನಿರೀಕ್ಷೆಯಂತೆ ಚಾಲನೆಗೊಂಡವು. ಸುಮಾರು 50 ನಿಮಿಷಗಳ ಬಳಿಕ ಬಂದೆರಗಿದ ಸುನಾಮಿ ಚಿತ್ರವನ್ನೇ ಬದಲಿಸಿತು. ಆರು ಘಟಕಗಳಿಗಿದ್ದ 13 ಜನರೇಟರ್‌ಗಳ ಪೈಕಿ 10 ಸಮುದ್ರದ ನೀರಿನಿಂದ ತಣಿಯುವಂಥವು. ಅವುಗಳಿಗೆ ನೀರೊದಗಿಸುವ ಪಂಪುಗಳು ದಡದಲ್ಲೇ ಇದ್ದವು. ಜನರೇಟರ್ ಕೊಠಡಿಗೆ ನೀರು ನುಗ್ಗದಿದ್ದರೂ ದಡದ ಪಂಪ್ ಹೋದರೆ ಅಂಥ ಎಂಜಿನ್ ಬಹಳ ಹೊತ್ತು ಓಡಲಾರದು. ಉಳಿದ ಮೂರು ಗಾಳಿಯಿಂದ ತಣಿಯುವಂಥವು. ಅವುಗಳಲ್ಲಿ ಎರಡು ಸುಸ್ಥಿತಿಯಲ್ಲಿದ್ದರೂ ವಿದ್ಯುತ್ ಫಲಕಗಳು ಮುಳುಗಿ ನಿರುಪಯೋಗಿಯಾದವು. ಆರನೇ ಘಟಕದ ಒಂದೇ ಒಂದು ಜನರೇಟರ್ ಉಳಿದುಕೊಂಡು ಐದು ಮತ್ತು ಆರನೇ ಘಟಕಗಳನ್ನು ಕಾಪಾಡಿತು. ಒಂದು, ಎರಡು ಮತ್ತು ಮೂರನೇ ಘಟಕಗಳ ಇಂಧನ ಕರಗಿತು.

ಉಕ್ರೇನಿನ ಝಪೊರಿಝಿಯಾ ಸ್ಥಾವರ ಇತ್ತೀಚಿನ ಉದಾಹರಣೆ. 2023ರ ಜೂನ್ 6ರಂದು ಕಖೋವ್ಕಾ ಅಣೆಕಟ್ಟು ಒಡೆದ ಬಳಿಕ ಅದರ ಜಲಾಶಯ ಬರಿದಾಯಿತು. ಸ್ಥಾವರವು ಬಾವಿಗಳನ್ನು ತೋಡಿ ತನ್ನ ತಂಪುಕೊಳಗಳಿಗೆ ನೀರು ತುಂಬಿಸಿಕೊಳ್ಳಬೇಕಾಯಿತು. 2025ರ ಸೆಪ್ಟೆಂಬರ್ 23ರಂದು ಹೊರಗಿನ ವಿದ್ಯುತ್ ಪೂರ್ಣ ಕಡಿದು, ಸುಮಾರು ಒಂದು ತಿಂಗಳ ಕಾಲ ಸ್ಥಾವರವು ಡೀಸೆಲ್ ಜನರೇಟರ್‌ಗಳ ಮೇಲೆಯೇ ಅವಲಂಬಿಸಿತ್ತು. ಆರೂ ರಿಯಾಕ್ಟರ್‌ಗಳು ಬಹುಕಾಲದಿಂದ ಸ್ಥಗಿತಗೊಂಡಿದ್ದು ಉಳಿಕೆ ಶಾಖ ಕಡಿಮೆಯಿದ್ದುದು ಅನುಕೂಲವಾಯಿತು.

ಕೈಗಾದ ಸ್ಥಿತಿ

ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಂಡೆಯಲ್ಲಿರುವ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಮೊದಲೆರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಮೊದಲ ಘಟಕವು 2018ರ ಡಿಸೆಂಬರ್ ಕೊನೆಗೆ 962 ದಿನಗಳ ನಿರಂತರ ಓಟ ಮುಗಿಸಿ ಅಂದಿನ ವಿಶ್ವದಾಖಲೆ ಬರೆಯಿತು. ಸ್ಥಾವರದ ನೀರಿನ ಆಸರೆ ಕದ್ರಾ ಜಲಾಶಯ. ಇಲ್ಲಿ ಸುನಾಮಿಯ ಭಯವಿಲ್ಲ. ಆದರೆ ಪಶ್ಚಿಮಘಟ್ಟದ ಭಾರಿ ಮಳೆ, ನದಿಯ ಮೇಲ್ಭಾಗದಲ್ಲಿ ಸೂಪಾ ಮತ್ತು ಕೊಡಸಳ್ಳಿಯಂತಹ ಅಣೆಕಟ್ಟುಗಳು ಇವೆ. ನೆರೆ, ಹೂಳು, ಮರದ ದಿಮ್ಮಿ ಇವು ಇಲ್ಲಿ ಗಮನದಲ್ಲಿಡಬೇಕಾದ ಸಂಗತಿಗಳು.

ಫುಕುಶಿಮಾ ದುರಂತದ ನಂತರ ಭಾರತೀಯ ಅಣುವಿದ್ಯುತ್ ನಿಗಮ ಹಾಗೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗಳು ದೇಶದ ಎಲ್ಲ ಸ್ಥಾವರಗಳನ್ನು ಪುನರ್‌ಪರಿಶೀಲಿಸಿದವು. ಹೊರಗಿನಿಂದ ನೀರು ಹಾಯಿಸಲು ಕೊಳವೆ ಸಂಪರ್ಕ, ಗಾಳಿಯಿಂದ ತಣಿಯುವ ಹೆಚ್ಚುವರಿ ಡೀಸೆಲ್ ಜನರೇಟರ್ ಮೊದಲಾದ ಕ್ರಮಗಳು ಇದರ ಫಲ. ಕೈಗಾದಲ್ಲಿ ನಿರ್ಮಾಣಗೊಳ್ಳುತ್ತಿರುವ ಐದು ಮತ್ತು ಆರನೇ ಘಟಕಗಳು ತಲಾ 700 ಮೆಗಾವ್ಯಾಟ್‌ನವು. ಈ ವಿನ್ಯಾಸದಲ್ಲಿ ಪಂಪುಗಳ ನೆರವಿಲ್ಲದೆ, ಹಬೆ ಮೇಲೇರಿ ತಣಿದು ನೀರಾಗಿ ಕೆಳಗಿಳಿಯುವ ಸಹಜ ಕ್ರಿಯೆಯಿಂದಲೇ ಉಳಿಕೆ ಶಾಖವನ್ನು ಹೊರತೆಗೆಯುವ ವ್ಯವಸ್ಥೆಯಿದೆ. ಇದು ಡೀಸೆಲ್ ಮೇಲಿನ ಅವಲಂಬನೆಯನ್ನು ತಗ್ಗಿಸುತ್ತದೆ, ಪೂರ್ತಿ ನಿವಾರಿಸುವುದಿಲ್ಲ.

ಎಣಿಕೆಗಿಂತ ಮುಖ್ಯವಾದುದು

ಸ್ಥಾವರದ ಸುರಕ್ಷತೆಯ ಚರ್ಚೆಯಲ್ಲಿ ಎಷ್ಟು ಜನರೇಟರ್‌ಗಳಿವೆ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ನಾಲ್ಕು ಜನರೇಟರ್‌ಗಳಿದ್ದು, ನಾಲ್ಕಕ್ಕೂ ಒಂದೇ ಕಾಲುವೆಯ ನೀರು ಎಂದಾದರೆ, ಆ ಕಾಲುವೆ ಕಟ್ಟಿಕೊಂಡ ದಿನ ನಾಲ್ಕೂ ಒಟ್ಟಿಗೇ ಕಾಯುತ್ತವೆ. ತಣಿಸುವ ನೀರು, ಕೇಬಲ್ ಮಾರ್ಗ, ಇಂಧನ ತೊಟ್ಟಿ, ಕೊಠಡಿಯ ಎತ್ತರ ಇವೆಲ್ಲ ಪ್ರತ್ಯೇಕವಾಗಿದ್ದಾಗ ಮಾತ್ರ ಒಂದು ಮತ್ತೊಂದಕ್ಕೆ ನಿಜವಾದ ಬದಲಿಯಾಗುತ್ತದೆ.

ಪರೀಕ್ಷೆಯ ಕ್ರಮವೂ ಅಷ್ಟೇ ಮುಖ್ಯ. ಹತ್ತು ನಿಮಿಷ ಹೊರೆಯಿಲ್ಲದೆ ಓಡಿಸಿದ ಎಂಜಿನ್ ಚಾಲನೆಗೊಳ್ಳುತ್ತದೆ ಎಂಬುದು ಗೊತ್ತಾಗುತ್ತದೆ. ತಣಿಯುತ್ತದೆಯೇ ಎಂಬುದು ತಿಳಿಯುವುದಿಲ್ಲ. ನೀರು ಮತ್ತು ಎಣ್ಣೆಯ ಉಷ್ಣತೆ ಸ್ಥಿರವಾಗುವವರೆಗೆ ಪೂರ್ಣ ಹೊರೆಯಲ್ಲಿ ಓಡಿಸಿದಾಗ ಮಾತ್ರ ಮುಚ್ಚಿದ ನಳಿಗೆ, ಸೋತ ಪಂಪ್ ಬೆಳಕಿಗೆ ಬರುತ್ತವೆ. ಅಮೆರಿಕದಂಥ ದೇಶಗಳ ಸ್ಥಾವರಗಳಲ್ಲಿ ತಿಂಗಳ ಪರೀಕ್ಷೆಯ ಜೊತೆಗೆ, ನಿಗದಿತ ಅವಧಿಗೊಮ್ಮೆ 24 ಗಂಟೆಗಳ ಓಟದ ಪರೀಕ್ಷೆ ನಡೆಸುವುದು ಇದೇ ಕಾರಣಕ್ಕೆ. ಬೇಸಿಗೆಯ ಕಡುಬಿಸಿಲಿನ ದಿನವೇ ಇಂಥ ಪರೀಕ್ಷೆಗೆ ಹೆಚ್ಚು ಸೂಕ್ತ. ಆ ದಿನ ತಣಿಯಬಲ್ಲ ಎಂಜಿನ್ ಉಳಿದ ದಿನಗಳಲ್ಲೂ ತಣಿಯುತ್ತದೆ.