ಕಳೆದ ಬೇಸಿಗೆಯ ಬಿಸಿಲು, ಈ ವಸಂತದ ಸೀನು

ಸರ್ವೆ ಮರಕ್ಕೆ ಕನ್ನಡದಲ್ಲಿ ಗಾಳಿಮರ ಎಂಬ ಹೆಸರೂ ಇದೆ. ಅದರ ಸುಯ್ಯೆನ್ನುವ ಸದ್ದು ಕೇಳಿ ಯಾರೋ ಹಾಗೆ ಕರೆದಿರಬೇಕು. ಆದರೆ ಸಸ್ಯಶಾಸ್ತ್ರದ ಪ್ರಕಾರವೂ ಆ ಹೆಸರು ಸರಿಯಾದದ್ದೇ. ಈ ಮರದ ಪರಾಗವನ್ನು ಹೊತ್ತೊಯ್ಯುವುದು ಜೇನಲ್ಲ, ಗಾಳಿ. ಹೂಬಿಟ್ಟ ಕಾಲದಲ್ಲಿ ರೆಂಬೆಗಳ ತುದಿ ನೋಡಿ: ಕಂದು ಬಣ್ಣದ, ಬೆರಳ ಗೆಣ್ಣಿನಷ್ಟು ಉದ್ದದ ಗಂಡು ತೆನೆಗಳಿರುತ್ತವೆ. ಬೆಳಗಿನ ಇಬ್ಬನಿಯಲ್ಲಿ ರೆಂಬೆಯನ್ನು ತಟ್ಟಿದರೆ ಏನೂ ಉದುರುವುದಿಲ್ಲ. ಅದೇ ರೆಂಬೆಯನ್ನು ಬಿಸಿಲೇರಿದ ಮೇಲೆ ತಟ್ಟಿದರೆ ಅಂಗೈ ತುಂಬ ಹಳದಿ ಪುಡಿ.

ಪರಾಗಕ್ಕೂ ಹವಾಮಾನಕ್ಕೂ ಇರುವ ನಂಟು ಶುರುವಾಗುವುದು ಇಲ್ಲಿಂದ. ಪರಾಗಚೀಲದ ಗೋಡೆ ಒಣಗಿ ಬಿರಿಯಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಬಾಯಿ ಬಿಡುವುದಿಲ್ಲ. ಬಿರಿದ ಮೇಲೆ ರೆಂಬೆ ಅಲುಗಬೇಕು, ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಪುಡಿಯನ್ನು ಎತ್ತಬೇಕು. ಯುರೋಪಿನ ಬರ್ಚ್ ಮರದ ಪರಾಗದ ಕಣ ಸುಮಾರು 22 ಮೈಕ್ರಾನ್ ಅಗಲ. ಅಲುಗಾಡದ ಗಾಳಿಯಲ್ಲಿ ಅದು ಸೆಕೆಂಡಿಗೆ ಒಂದೆರಡು ಸೆಂಟಿಮೀಟರಿನಂತೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿಗಾಳಿ ಮೇಲಕ್ಕೇಳುವ ವೇಗ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಕೆಳಗೆ ಬೀಳಬೇಕಾದ ಪುಡಿ ಮೇಲೆ ಹೋಗಿ ಊರು, ಗಡಿ ದಾಟುತ್ತದೆ. ಅದನ್ನು ತೊಳೆದು ನೆಲಕ್ಕಿಳಿಸುವುದು ಮಳೆ.

ಇಷ್ಟನ್ನು ಕಂಡುಕೊಳ್ಳಲು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1819ರಲ್ಲಿ ಜಾನ್ ಬಾಸ್ಟಾಕ್ ಎಂಬ ಇಂಗ್ಲಿಷ್ ವೈದ್ಯ, ಪ್ರತಿ ಬೇಸಿಗೆಯಲ್ಲಿ ತನ್ನನ್ನೇ ಕಾಡುತ್ತಿದ್ದ ಸೀನು, ಕಣ್ಣುರಿ, ಉಬ್ಬಸಗಳನ್ನು ವರದಿ ಮಾಡಿದ. ಅದಕ್ಕೆ ಪರಾಗ ಕಾರಣವೆಂದು ಅವನಿಗೆ ಹೊಳೆಯಲಿಲ್ಲ. ಬಿಸಿಲೇ ಕಾರಣವೆಂದುಕೊಂಡ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿಗೂ ಅದೇ ಕಾಯಿಲೆ. ಆತ ಗಾಜಿನ ಪಟ್ಟಿಗಳಿಗೆ ಅಂಟು ಸವರಿ ಬಯಲಿನಲ್ಲಿಟ್ಟ, ಸೂಕ್ಷ್ಮದರ್ಶಕದ ಕೆಳಗೆ ಪರಾಗವನ್ನು ಒಂದೊಂದಾಗಿ ಎಣಿಸಿದ, ದಿನದಿನದ ಲೆಕ್ಕವನ್ನು ಮಳೆ ಬಿಸಿಲುಗಳ ಜೊತೆ ಹೋಲಿಸಿದ. ಅಲ್ಲಿಗೂ ನಿಲ್ಲದೆ ಅಂಟು ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಸಾವಿರ ಅಡಿಗೂ ಮೇಲೆ ಹಾರಿಸಿದ. ಅಷ್ಟು ಎತ್ತರದಲ್ಲೂ ಪರಾಗ ಸಿಕ್ಕಿತು. ಅವನ ಪುಸ್ತಕ 1873ರಲ್ಲಿ ಬಂತು. ಅವನು ಎಣಿಸಿದ್ದು ಹೆಚ್ಚಾಗಿ ಹುಲ್ಲಿನ ಪರಾಗ. ಆದರೂ ಮರದ ಪರಾಗವನ್ನು ಅಳೆಯುವವರಿಗೆ ದಾರಿ ಹಾಕಿಕೊಟ್ಟವನು ಅವನೇ ಎಂದು ನಾನು ತಿಳಿದಿದ್ದೇನೆ.

ಅದೇ 1873ರಲ್ಲಿ ನಮ್ಮ ಕಲ್ಕತ್ತೆಯಲ್ಲಿ ಡಿ.ಡಿ. ಕನಿಂಗ್‌ಹ್ಯಾಮ್ ಗಾಳಿಯ ಸೂಕ್ಷ್ಮದರ್ಶಕ ಪರೀಕ್ಷೆಯ ವರದಿ ಪ್ರಕಟಿಸಿದ. ಗಾಳಿಯಲ್ಲಿ ತೇಲುವ ಕಣಗಳಿಗೂ ಕಾಲರಾಕ್ಕೂ ನಂಟಿದೆಯೇ ಎಂಬುದು ಅವನ ಹುಡುಕಾಟ. ನಂಟು ಸಿಗಲಿಲ್ಲ. ಆದರೆ ಜೈಲುಗಳ ಆವರಣದ ಗಾಳಿಯಲ್ಲಿ ಅವನು ಕಂಡ ಶಿಲೀಂಧ್ರ ಬೀಜಕಗಳ, ಪರಾಗದ ಚಿತ್ರಗಳು ಭಾರತದ ವಾಯುಜೀವಶಾಸ್ತ್ರದ ಮೊದಲ ಪುಟವಾದವು.

ಮುಂದಿನ ಪ್ರಶ್ನೆ, ಈ ಪುಡಿ ಎಷ್ಟು ದೂರ ಹೋಗುತ್ತದೆ ಎಂಬುದು. 1933ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಆರ್ಕ್ಟಿಕ್ ಪ್ರದೇಶದ ಮೇಲೆ ವಿಮಾನ ಹಾರಿಸುವಾಗ ಅಂಟು ಪಟ್ಟಿಗಳನ್ನು ಗಾಳಿಗೆ ಒಡ್ಡಿ, ಅಮೆರಿಕದ ಕೃಷಿ ಇಲಾಖೆಯ ಫ್ರೆಡ್ ಮೀಯರ್‌ಗೆ ತಂದುಕೊಟ್ಟ. 1937ರಲ್ಲಿ ಸ್ವೀಡನ್ನಿನ ಗುನ್ನಾರ್ ಎರ್ಟ್‌ಮನ್ ಅಟ್ಲಾಂಟಿಕ್ ದಾಟುವ ಹಡಗಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಇಟ್ಟು ನಡುಗಡಲಿನ ಗಾಳಿಯಲ್ಲೂ ಪರಾಗ ಹಿಡಿದ.

ಆದರೆ ಅಂಟು ಪಟ್ಟಿಗೆ ಒಂದು ದೊಡ್ಡ ಕೊರತೆಯಿತ್ತು. ಎಷ್ಟು ಗಾಳಿಗೆ ಎಷ್ಟು ಪರಾಗ, ಯಾವ ಗಂಟೆಯಲ್ಲಿ ಎಷ್ಟು ಎಂಬುದನ್ನು ಅದು ಹೇಳುತ್ತಿರಲಿಲ್ಲ. 1952ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಜೆ.ಎಂ. ಹರ್ಸ್ಟ್ ಅದಕ್ಕೆ ಪರಿಹಾರ ಕೊಟ್ಟರು. ಬೆಳೆಗೆ ರೋಗ ತರುವ ಬೀಜಕಗಳನ್ನು ಹಿಡಿಯಲು ಮಾಡಿದ ಯಂತ್ರ ಅದು. ಸಣ್ಣ ಸೀಳಿನ ಮೂಲಕ ನಿಮಿಷಕ್ಕೆ 10 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಮನುಷ್ಯ ಉಸಿರಾಡುವುದೂ ಹೆಚ್ಚುಕಡಿಮೆ ಅಷ್ಟೇ. ಒಳಗಿನ ಅಂಟು ಪಟ್ಟಿ ಗಂಟೆಗೆ 2 ಮಿಲಿಮೀಟರ್ ಸರಿಯುತ್ತದೆ. ಹಾಗಾಗಿ ಒಂದು ದಿನವೆಂದರೆ 48 ಮಿಲಿಮೀಟರ್. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೆಳಗಿನ ಭಾಗ ಖಾಲಿ, ಮಧ್ಯಾಹ್ನದ ಭಾಗ ಕಿಕ್ಕಿರಿದದ್ದು, ಮಳೆ ಬಿದ್ದ ಹೊತ್ತಿನಲ್ಲಿ ಮತ್ತೆ ಖಾಲಿ ಎಂಬುದು ಕಣ್ಣಿಗೆ ಕಾಣುತ್ತದೆ. ಈ ವಿದ್ಯೆಯಲ್ಲಿ ಅತಿ ದೊಡ್ಡ ತಿರುವು ಇದೇ. ಈಗಲೂ ಜಗತ್ತಿನ ಬಹುಪಾಲು ಪರಾಗ ಕೇಂದ್ರಗಳು ಇದೇ ಮಾದರಿಯ ಯಂತ್ರವನ್ನು ಬಳಸುತ್ತವೆ.

ಗಂಟೆಯ ಲೆಕ್ಕ ಕೈಗೆ ಬಂದರೂ ಒಂದು ವಿಷಯ ಬಿಡಿಸದೆ ಉಳಿಯಿತು. ಕೆಲವು ವರ್ಷ ಪರಾಗ ರಾಶಿ ರಾಶಿ, ಕೆಲವು ವರ್ಷ ಅತಿ ಕಡಿಮೆ. ಏಕೆ? ಇದಕ್ಕೆ ಉತ್ತರ ತಿಳಿಯಬೇಕಾದರೆ ಜಪಾನನ್ನು ನೋಡಬೇಕು. ಎರಡನೇ ಮಹಾಯುದ್ಧದ ನಂತರ ಬೋಳು ಬೆಟ್ಟಗಳಲ್ಲಿ ಆ ದೇಶ ಸುಗಿ ಎಂಬ ಮರವನ್ನು ಅಪಾರವಾಗಿ ನೆಟ್ಟಿತು. ನಾಟಾ ಸಿಗಲಿ ಎಂಬುದು ಉದ್ದೇಶ. ಸುಗಿ ಪರಾಗದ ಅಲರ್ಜಿಯನ್ನು 1964ರಲ್ಲಿ ನಿಕ್ಕೋ ಪ್ರದೇಶದಿಂದ ವೈದ್ಯರು ವರದಿ ಮಾಡಿದರು. ಮರಗಳು ಬಲಿತಂತೆ ಕಾಯಿಲೆಯೂ ಬೆಳೆಯಿತು. 2019ರ ಸಮೀಕ್ಷೆಯ ವೇಳೆಗೆ ಜಪಾನೀಯರಲ್ಲಿ ಹತ್ತಕ್ಕೆ ನಾಲ್ವರಿಗೆ ಅದು ಅಂಟಿತ್ತು.

ಸುಗಿಯ ಗಂಡು ಹೂಮೊಗ್ಗು ಕಟ್ಟುವುದು ಹಿಂದಿನ ವರ್ಷದ ಬೇಸಿಗೆಯಲ್ಲಿ. ಆ ಬೇಸಿಗೆ ಬಿಸಿಲು ಕಾದರೆ ಮೊಗ್ಗು ಹೆಚ್ಚು, ತಂಪಾಗಿ ಮೋಡ ಕವಿದರೆ ಕಡಿಮೆ. 1993ರಲ್ಲಿ ಜಪಾನಿನ ಬೇಸಿಗೆ ಎಷ್ಟು ತಣ್ಣಗಿತ್ತೆಂದರೆ ಭತ್ತವೇ ಕೈಕೊಟ್ಟು ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು. ಮರುವರ್ಷ ಸುಗಿ ಪರಾಗ ಅತಿ ಕಡಿಮೆ. 1994ರ ಬೇಸಿಗೆ ಉರಿಬಿಸಿಲು. 1995ರ ವಸಂತದಲ್ಲಿ ಪರಾಗದ ಮಹಾಪೂರ. ಭತ್ತ ಕೈಕೊಟ್ಟ ಕಾರಣವೇ ಮೂಗಿಗೆ ನೆಮ್ಮದಿ ತಂದಿತ್ತು. ಇಂದಿನ ಸೀನಿಗೆ ಇಂದಿನ ಗಾಳಿಯನ್ನಷ್ಟೇ ನೋಡಿದರೆ ಸಾಲದು, ಮರದ ಕಳೆದ ವರ್ಷವನ್ನೂ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ತಿಳಿದಿಲ್ಲ. ಜಪಾನಿನಲ್ಲೀಗ ಮುನ್ಸೂಚನೆ ಎರಡು ಹಂತದ್ದು. ಬೇಸಿಗೆಯ ಬಿಸಿಲು ನೋಡಿ ಮೊತ್ತ ಹೇಳುತ್ತಾರೆ, ಜನವರಿಯಿಂದ ದಿನದಿನದ ಉಷ್ಣಾಂಶ ಕೂಡಿಸಿ ಆರಂಭದ ದಿನ ಹೇಳುತ್ತಾರೆ. 30 ವರ್ಷಗಳಲ್ಲಿ ಸುಗಿ ಪರಾಗವನ್ನು ಅರ್ಧಕ್ಕಿಳಿಸುವ ಯೋಜನೆಯನ್ನು ಅಲ್ಲಿನ ಸರ್ಕಾರ 2023ರಲ್ಲಿ ಪ್ರಕಟಿಸಿತು.

ದೂರದ ಪಯಣದ ಲೆಕ್ಕ ಗಟ್ಟಿಯಾದದ್ದು ಫಿನ್ಲೆಂಡಿನಲ್ಲಿ. ಅಲ್ಲಿ ಬರ್ಚ್ ಹೂಬಿಡುವ ಮೊದಲೇ ಜನ ಸೀನುತ್ತಿದ್ದರು. ಆ ಪರಾಗ ದಕ್ಷಿಣದ, ಪೂರ್ವದ ದೇಶಗಳಿಂದ ಬರುತ್ತಿತ್ತು. ಅಣು ಅಪಘಾತವಾದರೆ ವಿಕಿರಣ ಎತ್ತ ಹೋಗುತ್ತದೆ ಎಂದು ತಿಳಿಯಲು ಕಟ್ಟಿದ ಸಿಲಾಮ್ ಎಂಬ ಕಂಪ್ಯೂಟರ್ ಮಾದರಿಯನ್ನು ಅಲ್ಲಿನ ಹವಾಮಾನ ಸಂಸ್ಥೆ ಬರ್ಚ್ ಪರಾಗಕ್ಕೆ ಹೊಂದಿಸಿತು. ಯುರೋಪಿನ ಇಂದಿನ ಪರಾಗ ಮುನ್ಸೂಚನೆಯಲ್ಲಿ ಅದೂ ಒಂದು ಆಧಾರ.

ಮಳೆ ಯಾವಾಗಲೂ ರಕ್ಷಕನಲ್ಲ ಎಂಬುದನ್ನೂ ಹೇಳಬೇಕು. ನೀರು ಹೀರಿದ ಪರಾಗ ಒಡೆದು ಶ್ವಾಸಕೋಶದ ಒಳಕ್ಕೆ ಇಳಿಯುವಷ್ಟು ಸಣ್ಣ ಚೂರುಗಳನ್ನು ಚೆಲ್ಲುತ್ತದೆ. 2016ರ ನವೆಂಬರ್ 21ರಂದು ಮೆಲ್ಬರ್ನ್‌ನಲ್ಲಿ ಗುಡುಗುಮಳೆಯ ಬೆನ್ನಿಗೇ ಸಾವಿರಾರು ಮಂದಿಗೆ ಉಬ್ಬಸ ಬಂತು, 10 ಮಂದಿ ಸತ್ತರು. ಅದು ಹುಲ್ಲಿನ ಪರಾಗ. ಆದರೆ ಬರ್ಚ್ ಪರಾಗವೂ ನೀರಿನಲ್ಲಿ ಹೀಗೆಯೇ ಒಡೆಯುತ್ತದೆ.

ಇನ್ನು ಭೂಮಿ ಕಾಯುತ್ತಿರುವುದರ ಫಲ. ಉತ್ತರ ಅಮೆರಿಕದ ಲೆಕ್ಕಗಳನ್ನು ಕಲೆಹಾಕಿದ 2021ರ ಅಧ್ಯಯನದ ಪ್ರಕಾರ 1990ರಿಂದ 2018ರ ನಡುವೆ ಪರಾಗದ ಕಾಲ ಸುಮಾರು 20 ದಿನ ಮುಂಚಿತವಾಗಿದೆ, ಪರಾಗದ ಪ್ರಮಾಣ ಶೇ 21ರಷ್ಟು ಏರಿದೆ. ಮರಗಳ ಪಾಲು ಅದರಲ್ಲಿ ದೊಡ್ಡದು.

ನಮ್ಮಲ್ಲಿ? ಬೆಂಗಳೂರು ವಿಶ್ವವಿದ್ಯಾಲಯದ ಎಸ್.ಎನ್. ಅಗಾಶೆ ಮತ್ತು ಅವರ ಶಿಷ್ಯರು 1980ರ ದಶಕದಲ್ಲೇ ನಗರದ ಗಾಳಿಯ ಪರಾಗವನ್ನು ಹವಾಮಾನದೊಂದಿಗೆ ಹೋಲಿಸಿ ಅಳೆದರು. ಪಾರ್ಥೇನಿಯಂ, ಗಾಳಿಮರ ಎರಡೂ ಆ ಲೆಕ್ಕದಲ್ಲಿವೆ. ಇಂಥ ಎಣಿಕೆಯಿಂದ ಪರಾಗ ಪಂಚಾಂಗ ಸಿಗುತ್ತದೆ. ಆದರೆ ಪಂಚಾಂಗ ಹೇಳುವುದು ಸರಾಸರಿ ತಿಂಗಳನ್ನು, ನಾಳೆಯ ಗಾಳಿಯನ್ನಲ್ಲ. ನಾಳೆಯದನ್ನು ಹೇಳಲು ಎಣಿಕೆ ವರ್ಷಗಟ್ಟಲೆ ಬಿಡದೆ ನಡೆಯಬೇಕು. ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕ ಇಟ್ಟಿರುವ ರಾಜ್ಯ ನಮ್ಮದು. ಕೃಷಿ ವಿಶ್ವವಿದ್ಯಾಲಯಗಳ ತಾರಸಿಗಳ ಮೇಲೆ ಒಂದೊಂದು ಹರ್ಸ್ಟ್ ಯಂತ್ರ ಇಡುವುದು, ಅದನ್ನು ಓದಬಲ್ಲ ಹುಡುಗ ಹುಡುಗಿಯರಿಗೆ ಕಾಯಂ ಕೆಲಸ ಕೊಡುವುದು ನಮ್ಮ ಶಕ್ತಿಗೆ ಮೀರಿದ್ದಲ್ಲ.

ಅಲ್ಲಿಯವರೆಗೆ ಓದುಗರೇ, ನಿಮ್ಮಿಂದಲೂ ಒಂದು ಕೆಲಸ ಆಗಬೇಕಿದೆ. ದೇಶದಾದ್ಯಂತ ಶಾಲಾ ಮಕ್ಕಳೂ ಆಸಕ್ತರೂ ಮರಗಳ ಹೂ, ಎಲೆ, ಕಾಯಿಗಳನ್ನು ವಾರವಾರ ದಾಖಲಿಸುವ ಸೀಸನ್‌ವಾಚ್ ಎಂಬ ಯೋಜನೆಯಿದೆ. ನಿಮ್ಮ ಬೀದಿಯ ಒಂದು ಮರವನ್ನು ಅದಕ್ಕೆ ಸೇರಿಸಿ. ಹೂಬಿಟ್ಟ ದಿನ ಬಿಸಿಲಿತ್ತೇ, ಮಳೆಯಿತ್ತೇ ಎಂಬುದನ್ನು ಮನೆಯ ಕ್ಯಾಲೆಂಡರಿನಲ್ಲೂ ಬರೆದಿಡಿ.